ಅಕ್ಕಾರು ಉಣ್ಣುವ ಗುರುವಾರ

ಊರಲ್ಲಿ ಎಷ್ಟೋ ಜನ ತೂಕ ಇಳಿಸುತ್ತಾರೆ, ಸದ್ದಿಲ್ಲದೆ ಇಳಿಸುತ್ತಾರೆ. ನಾನು ಇಳಿಸಲು ಹೊರಟರೆ ಮಾತ್ರ ಬೈಲಹೊಂಗಲದಿಂದ ರಾಮದುರ್ಗದ ತನಕ ಸುದ್ದಿ. ಖಾನಾವಳಿ ನಡೆಸುವ ಹೆಂಗಸಿನ ಬಾಳೇ ಹಾಗೆ. ಒಳಗೆ ಒಗ್ಗರಣೆ ಹಾಕಿದರೆ ಬಸ್‌ಸ್ಟ್ಯಾಂಡಿನಲ್ಲಿ ಸೀನುತ್ತಾರೆ. ಹಾಗಾಗಿ ಯಾರೋ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಇಪ್ಪತ್ತೆರಡು ವರ್ಷ ಒಲೆಯ ಮುಂದೆ ನಿಂತು ರೊಟ್ಟಿ ಬಡಿದ ಮೇಲೆ ನನ್ನ ಬಲಗಾಲಿನ ಮೊಣಕಾಲು ಮುಷ್ಕರ ಹೂಡಿತು. ಹತ್ತು ನಿಮಿಷ ನಿಂತರೆ ಕಣ್ಣಲ್ಲಿ ನೀರು. ಬೆಳಗಾವಿಯ ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ, "ಆಪರೇಶನ್ ಮಾಡ್ತೇವ್ರಿ, ಆದ್ರ ಮೊದಲ ಎಂಟ ಕಿಲೋ ಇಳಸ್ರಿ" ಅಂದರು. ಇಳಿಸದಿದ್ದರೆ ಆಪರೇಶನ್ ಇಲ್ಲ. ಆಪರೇಶನ್ ಇಲ್ಲದಿದ್ದರೆ ಒಲೆ ಇಲ್ಲ, ಖಾನಾವಳಿ ಇಲ್ಲ. ಬರುವಾಗ ಬಸ್ಸಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ನಮ್ಮವರು ಕಿಟಕಿಯ ಹೊರಗೆ ನೋಡುತ್ತ, "ಎಂಟ ಕಿಲೋ ಏನ್ ದೊಡ್ಡದ ಬಿಡ" ಅಂದರು. ಅವರು ಒಣಗಿದ ಕಬ್ಬಿನ ಹಾಗಿದ್ದ ಮನುಷ್ಯ, ಅವರಿಗೇನು ಗೊತ್ತು.

ಬರಗಾಲದ ಭಯ

ಅದೇ ದವಾಖಾನೆಯಲ್ಲಿ ಊಟ ಬರೆದುಕೊಡುವ ಮೇಡಂ ಒಬ್ಬಳಿದ್ದಳು. ನನ್ನ ಮಗಳ ವಯಸ್ಸು. "ದಿನಾ ಏನೇನ್ ಉಣತೀರಿ?" ಅಂತ ಕೇಳಿದಳು. "ಮಧ್ಯಾಹ್ನ ಎರಡ ರೊಟ್ಟಿ, ರಾತ್ರಿ ಎರಡ ರೊಟ್ಟಿ, ಚೂರ ಅನ್ನ" ಅಂದೆ. ಅವಳು ನಂಬಿದಳು, ಪಾಪ.

ಆರು ದಿನ ಬಿಗಿಯಾಗಿ ತಿನ್ನಬೇಕು, ಏಳನೆಯ ದಿನ ಲೆಕ್ಕ ಹಾಕಿ ಸ್ವಲ್ಪ ಹೆಚ್ಚು ತಿನ್ನಬೇಕು ಅಂದಳು. ಯಾಕೆ ಅಂದರೆ, "ದಿನಾ ಕಡಿಮಿ ತಿಂದ್ರ ನಿಮ್ಮ ಮೈಗೆ ಬರಗಾಲ ಬಂತು ಅನಸ್ತೈತ್ರಿ. ಇದ್ದದ್ದನ್ನ ಬಿಗಿ ಹಿಡಕೊಂಡ ಕುಂದ್ರತೈತಿ. ವಾರಕ್ಕೊಂದ ದಿನ ಹೆಚ್ಚ ಕೊಟ್ರ ಅದಕ್ಕ ಧೈರ್ಯ ಬರತೈತಿ." ನಾನು ನನ್ನ ಮೈಯನ್ನೊಮ್ಮೆ ನೋಡಿಕೊಂಡೆ. ಇದಕ್ಕೆ ಬರಗಾಲದ ಭಯ ಇದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಗುರುವಾರ ಹೆಚ್ಚಿನ ದಿನ ಅಂತಾಯಿತು. ಅವತ್ತು ಮಧ್ಯಾಹ್ನ ಮೂರು ರೊಟ್ಟಿ, ಪಲ್ಯ, ಒಂದು ವಾಟಿ ಅನ್ನ, ಒಂದು ಹೋಳಿಗೆ. ಮನೆಗೆ ಬಂದು ನಮ್ಮವರು ಚೀಟಿಯನ್ನು ಎರಡು ಸಲ ಓದಿದರು.

"ಇದರಾಗ ಹೆಚ್ಚಿನ ದಿನಾ ಯಾವದ?"

"ಗುರುವಾರದ್ದ, ಕೆಳಗ ಐತಿ ನೋಡ್ರಿ."

"ಇಷ್ಟ ನೀ ದಿನಾ ಉಪ್ಪ ನೋಡಾಕ ತಿಂತಿಯಲ್ಲ!"

ನನಗೆ ಸಿಟ್ಟು ಬಂತು. ರುಚಿ ನೋಡುವುದನ್ನೆಲ್ಲ ಯಾರಾದರೂ ಊಟದಲ್ಲಿ ಹಿಡಿಯುತ್ತಾರೆಯೇ?

ಚೀಲದ ತೂಕ

ಮೇಡಂ ವಾರಕ್ಕೊಮ್ಮೆ ತೂಕ ನೋಡಿ ಫೋನಿನಲ್ಲಿ ತಿಳಿಸಲು ಹೇಳಿದ್ದಳು. ಮನೆಯಲ್ಲಿ ತಕ್ಕಡಿ ಇದೆ, ಆದರೆ ಅದು ಬದನೆಕಾಯಿ ತೂಗುವುದು. ಕಡೆಗೆ ನಮ್ಮ ಸಾಲಿನಲ್ಲೇ ಇರುವ ಹಿಟ್ಟಿನ ಗಿರಣಿಗೆ ಹೋದೆ. ಅಲ್ಲಿ ಜೋಳದ ಚೀಲ ಇಟ್ಟು ತೂಗುವ ಕಬ್ಬಿಣದ ಕಾಟಾ ಇದೆ.

ಗಿರಣಿಯವ ಒಳ್ಳೆಯ ಮನುಷ್ಯ, ಆದರೆ ದನಿ ಗಿರಣಿಯ ಸದ್ದಿನ ಮೇಲೆ ಬೆಳೆದದ್ದು. ಜೊತೆಗೆ ಬಂದಿದ್ದ ನಮ್ಮವರನ್ನೂ ತೂಗಿ ಅವರದನ್ನು ಹೇಳಿ, ಆಮೇಲೆ ನನ್ನ ತೂಕವನ್ನು ಇಡೀ ಓಣಿಗೆ ಕೂಗಿ ಹೇಳಿದ. ಅಂಕಿಯನ್ನು ನಾನು ಇಲ್ಲಿ ಹೇಳುವುದಿಲ್ಲ. ಅವತ್ತು ಹಿಟ್ಟಿಗೆ ನಿಂತಿದ್ದ ಹನ್ನೊಂದು ಜನಕ್ಕೆ ಗೊತ್ತಿದೆ, ಅಷ್ಟು ಸಾಕು.

ಮುಂದಿನ ವಾರ ಹೋದರೆ ಒಂದು ಕಿಲೋ ಕಡಿಮೆ! ನನಗೆ ಕಾಲುನೋವು ಮರೆತೇಹೋಯಿತು. ಸೌತೆಕಾಯಿ ತಿಂದದ್ದು ಸಾರ್ಥಕವಾಯಿತು ಅಂದುಕೊಂಡು ಅಲ್ಲಿದ್ದವರಿಗೆಲ್ಲ ಮೇಡಂಳ ಬರಗಾಲದ ಕತೆ ಹೇಳಿದೆ. ಎಲ್ಲ ಕೇಳಿಸಿಕೊಂಡು ಗಿರಣಿಯವ ಮೆಲ್ಲಗೆ, ಅಂದರೆ ಅವನ ಮೆಲ್ಲಗೆ, ಅಂದ:

"ಅಕ್ಕಾರ, ಹೋದ ವಾರ ಚೀಲಾ ಹಿಡದ ಹೇಳಿದ್ದೆ. ಈ ವಾರ ಚೀಲದ್ದೊಂದ ಕಿಲೋ ಕಳದ ಹೇಳೇನ್ರಿ. ರೂಢಿ ಆಗಿಬಿಟ್ಟೇತಿ."

"ಚೀಲ ಎಲ್ಲೈತೋ?"

ಅವನು ನನ್ನ ಇಳಕಲ್ ಸೀರೆಯ ಕಡೆ ಕೈ ತೋರಿಸಿದ.

ಒಂದೇ ಹೋಳಿಗೆ

ಮೊದಲ ಗುರುವಾರ ಅತ್ತೆ ಬೆಳಗಿನಿಂದ ಉಮೇದಿನಲ್ಲಿದ್ದರು. ಈ ಖಾನಾವಳಿ ಶುರು ಮಾಡಿದವರು ಅವರೇ. ಸೊಸೆ ಆರು ದಿನ ಸೌತೆಕಾಯಿ ತಿಂದದ್ದು ಮನೆತನಕ್ಕೇ ಅವಮಾನ ಅಂತ ಅವರ ಭಾವನೆ. ಚೀಟಿಯನ್ನು ಮೊಮ್ಮಗಳಿಂದ ಓದಿಸಿಕೊಂಡು ಎಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು.

ಊಟಕ್ಕೆ ಕೂತರೆ ತಾಟಿನ ನಾಲ್ಕೂ ಕಡೆಯಿಂದ ಹೊರಗೆ ಜೋತುಬಿದ್ದ ಒಂದು ಹೋಳಿಗೆ ಬಂತು. ಹಂಚು ಎಷ್ಟಿದೆಯೋ ಅಷ್ಟು.

"ಅತ್ತೀ, ಏನ್ರಿ ಇದು? ಮೇಡಂ ಒಂದ ಅಂದಾಳ."

"ಒಂದ ಐತಲ್ಲ ಯವ್ವಾ. ದೊಡ್ಡದ ಮಾಡಬ್ಯಾಡ ಅಂದಾಳೇನ?"

"ಇಲ್ರಿ."

"ಮತ್ತ?"

ಅದರ ಮೇಲೆ ತುಪ್ಪದ ಚಮಚ ನಾಲ್ಕು ಸಲ ಬಗ್ಗಿತು. "ತುಪ್ಪದ ಸುದ್ದಿ ಆ ಚೀಟ್ಯಾಗ ಎಲ್ಲೂ ಇಲ್ಲ. ಬ್ಯಾಡಾಗಿದ್ರ ಬರೀತಿದ್ಲಿಲ್ಲೋ? ಕಲತ ಹುಡುಗಿ ಆಕಿ." ಅತ್ತೆಗೆ ಅಕ್ಷರ ಬಂದಿದ್ದರೆ ಸವದತ್ತಿ ಕೋರ್ಟಿನಲ್ಲಿ ವಕೀಲರಾಗುತ್ತಿದ್ದರು.

ಸಂಜೆ ಮೇಡಂ ಫೋನ್ ಮಾಡಿದಳು. "ಹೋಳಿಗಿ ಎಷ್ಟ ತಿಂದ್ರಿ?"

"ಒಂದ ರೀ ಮೇಡಂ."

"ಶಬ್ಬಾಸ್! ಎಲ್ಲಾರೂ ನಿಮ್ಮಂಗ ಇರಂಗಿಲ್ರಿ."

ಮಾಲಕರು ಉಣ್ಣದ ಊಟ

ನಮ್ಮಲ್ಲಿ ಅತ್ತೆಯ ಕಾಲದಿಂದ ಒಂದು ಪದ್ಧತಿ ಇದೆ. ಮಧ್ಯಾಹ್ನ ಮನೆಯ ಒಬ್ಬರು ಗಲ್ಲಾಪೆಟ್ಟಿಗೆಯ ಪಕ್ಕದ ಟೇಬಲ್ಲಿಗೆ ಕೂತು, ಎಲ್ಲರೂ ನೋಡುವ ಹಾಗೆ, ಅದೇ ಪಾತ್ರೆಯ ಊಟ ಉಣ್ಣಬೇಕು. ಗಿರಾಕಿಗೆ ಅದಕ್ಕಿಂತ ದೊಡ್ಡ ಖಾತ್ರಿ ಇಲ್ಲ. ಇಪ್ಪತ್ತೆರಡು ವರ್ಷ ಅದು ನನ್ನ ಕೆಲಸ. ನಿಜ ಹೇಳಬೇಕೆಂದರೆ ಆ ಕೆಲಸವನ್ನು ಮನಸ್ಸಿಟ್ಟು ಮಾಡಿದ್ದರಿಂದಲೇ ಮೊಣಕಾಲಿಗೆ ಈ ಗತಿ ಬಂದದ್ದು.

ಈಗ ಅದೇ ಟೇಬಲ್ಲಿನಲ್ಲಿ ನನ್ನ ಮುಂದೆ ಸೌತೆಕಾಯಿ, ಮೊಳಕೆ ಕಾಳು, ಒಂದು ತೆಳು ರೊಟ್ಟಿ. ಎದುರಿಗೆ ನಿವೃತ್ತ ಮಾಸ್ತರು, ಹನ್ನೊಂದು ವರ್ಷದ ಗಿರಾಕಿ. ಅವರ ತುತ್ತು ಅರ್ಧ ದಾರಿಯಲ್ಲಿ ನಿಂತಿತು.

"ಅಕ್ಕಾರ, ಎಣ್ಣಿಗಾಯಿ ಯಾಕ ಹಚಗೊಂಡಿಲ್ರಿ?"

"ಬ್ಯಾಡ್ರಿ ಮಾಸ್ತರ."

"ಯಾಕ, ಏನಾಗೇತಿ ಅದಕ್ಕ?"

"ಅದಕ್ಕೇನೂ ಆಗಿಲ್ರಿ. ಆಗಿದ್ದು ನನಗ."

ಅವರು ಬದನೆಕಾಯಿಯನ್ನು ಎತ್ತಿ ಮೂಸಿದರು. ಹಿಂದಿನ ಟೇಬಲ್ಲಿನ ನಾಲ್ವರು ಸುಮ್ಮನೆ ತಮ್ಮ ಬದನೆಕಾಯಿಗಳನ್ನು ತಾಟಿನ ಅಂಚಿಗೆ ಸರಿಸಿದರು. ಹೆದರಿ ನಾನು ಎಲ್ಲ ಬಿಡಿಸಿ ಹೇಳಿದೆ: ಮೊಣಕಾಲು, ಎಂಟು ಕಿಲೋ, ಆರು ದಿನ, ಗುರುವಾರ. ಮಾಸ್ತರು ತಲೆಯಾಡಿಸಿ ಅರ್ಥ ಮಾಡಿಕೊಂಡರು, ಮತ್ತು ಮಾಸ್ತರಾದ್ದರಿಂದ ಎಲ್ಲರಿಗೂ ಪಾಠ ಮಾಡಿದರು. ಪಾಠ ಬಾಯಿಂದ ಬಾಯಿಗೆ ಹೋಗಿ ಕಡೆಗೆ ಉಳಿದದ್ದು ಒಂದೇ ಸಾಲು: ಅಕ್ಕಾರು ಗುರುವಾರದ ಅಡುಗೆ ಮಾತ್ರ ಉಣ್ಣುತ್ತಾರೆ.

ಟೆಂಪೋ ಓಡಿಸುವ ಚಾಚಾ ನಮ್ಮಲ್ಲೇ ಊಟ ಮಾಡುವವನು. ಒಂದು ದಿನ ಕಿತ್ತೂರು, ಒಂದು ದಿನ ಸವದತ್ತಿ, ಒಂದು ದಿನ ರಾಮದುರ್ಗ. ಪ್ರೀತಿಯಿಂದ ಹೋದಲ್ಲೆಲ್ಲ ಹೇಳಿದ: "ಊಟಾ ಮಾಡೋದಿದ್ರ ಜುಮ್ಮೇರಾತ್, ಅಂದ್ರ ಗುರುವಾರ ದಿನಾ ಮಾಡ್ರಿ. ಅವತ್ತ ಮಾಲಕೀನ ಖುದ್ದ ಉಣತಾಳ." ತಿಂಗಳೊಳಗೆ ಉಳಿದ ದಿನ ನೊಣ ಹೊಡೆಯುವ ಕೆಲಸ, ಗುರುವಾರ ಬಾಗಿಲ ಹೊರಗೆ ಚಪ್ಪಲಿಗೆ ಜಾಗ ಇಲ್ಲ. ಒಂದು ಬುಧವಾರ ಮುರಗೋಡದಿಂದ ಫೋನ್ ಬಂತು. ನಮ್ಮವರು ಎತ್ತಿದರು.

"ಹದಿನೆಂಟ ಮಂದಿ ಬರಾಕತ್ತೇವ್ರಿ."

"ಬರ್ರಿ, ಬರ್ರಿ. ಊಟಕ್ಕ ಏನ್ ಮಾಡಸ್ಲಿ?"

"ಏನರ ಮಾಡಸ್ರಿ. ಅಕ್ಕಾರ ಇವತ್ತ ಉಣತಾರೋ ಇಲ್ಲೋ, ಅದನ್ನಷ್ಟ ಹೇಳ್ರಿ."

ಹೆಚ್ಚಿನ ದಿನದ ಮಹಿಮೆ

ಗುರುವಾರ ಎರಡು ಗಂಟೆಗೆ ನಾನು ಟೇಬಲ್ಲಿಗೆ ಕೂತರೆ ಖಾನಾವಳಿ ಸ್ತಬ್ಧ. ನಲವತ್ತು ಜನ ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ನನ್ನ ಬಾಯಿ ನೋಡುವವರು. ನಾನು ಒಂದು ತುತ್ತು ಇಟ್ಟು, ಅಗಿದು, ನುಂಗಬೇಕು. ನುಂಗಿದ್ದು ಖಾತ್ರಿಯಾದ ಮೇಲೆ ಎಲ್ಲರ ಬಾಯಿ ಆಡತೊಡಗುತ್ತಿತ್ತು.

ಆಮೇಲೆ ಶುರು. "ಅಕ್ಕಾರ, ಇಲ್ಲಿ ರೊಟ್ಟಿ!" "ಅಕ್ಕಾರ, ಹೋಳಗಿ ಐತೇನ್ರಿ?" ಕುಂಟುತ್ತ ಎದ್ದರೆ ಮತ್ತೆ ಕೂರುವುದು ಮೂರೂವರೆಗೆ. ಅಷ್ಟೊತ್ತಿಗೆ ಪಾತ್ರೆಗಳ ತಳ ಕಾಣುತ್ತಿತ್ತು. ನನ್ನ ತಾಟಿನ ಹೋಳಿಗೆಯನ್ನು ಯಾವನೋ ಗಿರಾಕಿಗೆ ಅತ್ತೆಯೇ ಬಡಿಸಿರುತ್ತಿದ್ದರು. ಹಸಿವು, ಕಾಲುನೋವು ಸೇರಿ ಅಳು ಬರುತ್ತಿತ್ತು. ಉಳಿದದ್ದು ಸೌತೆಕಾಯಿ. ಅದನ್ನೇ ತಿನ್ನುತ್ತಿದ್ದೆ. ವಾರದ ಏಳು ದಿನಗಳಲ್ಲಿ ನಾನು ಎಲ್ಲಕ್ಕಿಂತ ಕಡಿಮೆ ತಿನ್ನುತ್ತಿದ್ದ ದಿನ ಅದೇ, ಹೆಚ್ಚು ತಿನ್ನುವ ದಿನ.

ನಾಲ್ಕು ತಿಂಗಳಿಗೆ ಎಂಟು ಕಿಲೋ ಹೋಯಿತು. ದವಾಖಾನೆಯ ಕಾಟಾದಲ್ಲಿ, ಚೀಲ ಹಿಡಿದೇ. ಮೇಡಂ ಖುಷಿಯಿಂದ ಎದ್ದು ನಿಂತಳು.

"ನಾ ಹೇಳಿದ್ದೆಲ್ರಿ? ಇದೆಲ್ಲಾ ಆ ಗುರುವಾರದ ಮಹಿಮಾ!"

ನಾನು ಹೌದು ಅಂದೆ. ಸುಳ್ಳೇನೂ ಅಲ್ಲವಲ್ಲ.

ಬೋರ್ಡಿನ ಬರಹ

ಡಾಕ್ಟರು ಆಪರೇಶನ್ನಿಗೆ ದಿನ ಕೊಟ್ಟರು. ಗುರುವಾರ. ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆ. ನಮ್ಮವರು ಕೈ ಮುಗಿದು, "ಡಾಕ್ಟರ್ರ, ಗುರುವಾರ ಬ್ಯಾಡ್ರಿ. ಅವತ್ತ ಈಕಿ ಉಣ್ಣೋ ದಿನಾ ಐತಿ" ಅಂದರು. ಡಾಕ್ಟರು ಮೊದಲು ಅವರನ್ನು, ಆಮೇಲೆ ನನ್ನನ್ನು ನೋಡಿದರು. ದಿನ ಬದಲಾಗಲಿಲ್ಲ.

ಖಾನಾವಳಿ ಮಾತ್ರ ಮುಚ್ಚಬೇಡಿ ಅಂತ ನಮ್ಮವರನ್ನು ಕೇಳಿಕೊಂಡು ಮಗಳ ಜೊತೆ ಹೋದೆ. ಮುಚ್ಚಲಿಲ್ಲ. ಆದರೆ ನಮ್ಮವರು ಸತ್ಯವಂತರು. ಹೊರಗಿನ ಕರಿ ಬೋರ್ಡಿನ ಮೇಲೆ ದುಂಡಗೆ ಬರೆದಿಟ್ಟಿದ್ದರು: "ಖಾನಾವಳಿ ಚಾಲೂ ಇದೆ. ಅಕ್ಕಾರು ಉಣ್ಣುವುದಿಲ್ಲ."

ಮಧ್ಯಾಹ್ನದವರೆಗೆ ಒಬ್ಬ ಗಿರಾಕಿಯೂ ಒಳಗೆ ಬರಲಿಲ್ಲವಂತೆ. ಬೋರ್ಡು ಓದುವುದು, ಒಳಗೆ ಇಣುಕುವುದು, ಮುಂದೆ ಹೋಗುವುದು. ಕಡೆಗೆ ಅತ್ತೆ ನಮ್ಮವರ ರಟ್ಟೆ ಹಿಡಿದು ನನ್ನ ಖುರ್ಚಿಯಲ್ಲಿ ಕೂರಿಸಿ, ಬಾಗಿಲು ಪೂರ್ತಿ ತೆಗೆದು, ತುಂಬಿದ ತಾಟು ಮುಂದಿಟ್ಟರು. "ಉಣ್ಣ. ಮಂದಿ ನೋಡೂ ಹಂಗ ಉಣ್ಣ."

ನಾನು ಮನೆಗೆ ಬಂದು ಮಂಚ ಹಿಡಿದ ಎರಡು ತಿಂಗಳು ಅದೇ ನಡೆಯಿತು. ಅವರಿಗೆ ಗುರುವಾರ ಒಂದೇ ಅಂತ ಚೀಟಿ ಬರೆದುಕೊಟ್ಟವರು ಯಾರೂ ಇರಲಿಲ್ಲ. ದಿನಾ ಉಂಡರು. ತಡವಾಗಿ ಬಂದವರು ಅನುಮಾನಪಟ್ಟರೆ ಅವರ ಸಲುವಾಗಿ ಇನ್ನೊಮ್ಮೆ ಉಂಡರು. ಸಂಜೆ ನನ್ನ ಮಂಚದ ಹತ್ತಿರ ಬಂದು ತೇಗುತ್ತ, "ಎಲ್ಲಾ ನಿನ್ನ ಕಾಲಿನ ಸಲುವಾಗಿ ಮಾಡಾಕತ್ತೇನಿ" ಅನ್ನುವರು. ಎಷ್ಟು ಕಷ್ಟಪಡುತ್ತಿದ್ದಾರೆ ಅಂತ ನನಗೆ ಕಣ್ಣು ತುಂಬಿ ಬರುತ್ತಿತ್ತು.

ಕೋಲು ಬಿಟ್ಟು ನಡೆದ ಮೊದಲ ದಿನ ನಾನು ಹೋದದ್ದು ಗಿರಣಿಗೆ. ನನ್ನ ಕಾಲ ಮೇಲೆ ನಾನೇ ನಡೆದು ಹೋದೆ, ನೋವಿಲ್ಲದೆ. ಆ ಸಂತೋಷ ಹೇಳಿ ತೀರದು. ಹಿಂದೆ ನಮ್ಮವರು ಜೋಳದ ಚೀಲ ಹೊತ್ತು ಏದುಸಿರು ಬಿಡುತ್ತ ಬಂದರು. ಅಂಗಿಯ ನಡುವಿನ ಗುಂಡಿ ಹಾಕಿರಲಿಲ್ಲ. ಹಾಕಲು ಆಗುತ್ತಿರಲಿಲ್ಲ.

ಗಿರಣಿಯವ ಮೊದಲು ನನ್ನನ್ನು ಕಾಟಾದ ಮೇಲೆ ನಿಲ್ಲಿಸಿದ. ಎಂಟು ಕಿಲೋ ಇಳಿದದ್ದು ಇಳಿದೇ ಇತ್ತು. "ಹೋದದ್ದು ಹೋತು, ತಿರುಗಿ ಬರಂಗಿಲ್ಲ ಬಿಡೋ" ಅಂದೆ, ನನ್ನ ಜಂಬ ನನಗೆ. ಅವನು ನಮ್ಮವರ ಹೆಗಲಿನಿಂದ ಚೀಲ ಇಳಿಸಿ ಅವರನ್ನೂ ಹತ್ತಿಸಿದ. ಮುಳ್ಳು ನೋಡಿದ. ನನ್ನನ್ನು ನೋಡಿದ. ಮತ್ತೆ ಮುಳ್ಳು ನೋಡಿ, ಇಡೀ ಓಣಿಗೆ ಕೇಳುವ ಹಾಗೆ ಅಂದ:

"ಅಕ್ಕಾರ, ಎಲ್ಲೂ ಹೋಗಿಲ್ರಿ. ಕಾಳ ಎಂಟ ಕಿಲೋನೂ ಇಲ್ಲೇ ಅದಾವ. ಚೀಲ ಅಷ್ಟ ಬದಲಾಗೇತಿ!"