ಗಾದಿಯ ಬಿಸಿಲ ಯಾತ್ರೆ

ನಮ್ಮ ಸೋದರಮಾವನಿಗೆ ಸೊರಬದ ಸೂರ್ಯನ ಮೇಲೆ ನಂಬಿಕೆ ಇರಲಿಲ್ಲ. ಸೊರಬದ ಸೂರ್ಯ ಬೇರೆ, ಶಿಕಾರಿಪುರದ ಸೂರ್ಯ ಬೇರೆ ಎಂಬುದು ಅವರ ಖಚಿತ ಅಭಿಪ್ರಾಯ. ಖಗೋಳ ಬಲ್ಲವರು ಏನಾದರೂ ಹೇಳಿಕೊಳ್ಳಲಿ, ಅವರಲ್ಲಿ ಒಬ್ಬರಾದರೂ ಶ್ರಾವಣ ಮಾಸದಲ್ಲಿ ಸೊರಬದ ಅಂಗಳದಲ್ಲಿ ಹತ್ತಿಯ ಗಾದಿ ಒಣಗಿಸಿದ್ದಾರೆಯೇ?

ಗಾದಿ ಅತ್ತೆಯದು. ಅತ್ತೆಗೆ ಉಬ್ಬಸ. ತೊಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಅವರು ಮಲಗಲಾರದೆ ಮೂರು ದಿನ ಗೋಡೆಗೊರಗಿ ಕೂತೇ ಕಳೆದರು. ಮನೆಗೆ ಬಂದ ಡಾಕ್ಟರು ಗಾದಿಯ ಮೂಲೆ ಎತ್ತಿ ನೋಡಿ, "ಇಷ್ಟು ಬೂಷ್ಟು ಇಟ್ಕೊಂಡು ಮಾತ್ರೆ ನುಂಗಿದ್ರೆ ಏನು ಬಂತು? ವಾರಕ್ಕೊಂದ್ಸಲ ಒಳ್ಳೆ ಬಿಸಿಲಿಗೆ ಹಾಕಿ" ಎಂದರು. ಅದನ್ನು ಮಾವ ನ್ಯಾಯಾಲಯದ ತೀರ್ಪಿನಂತೆ ಶಿರಸಾವಹಿಸಿದರು. ಒಳ್ಳೆ ಬಿಸಿಲು ಇದ್ದದ್ದು ಶಿಕಾರಿಪುರದಲ್ಲಿ, ಅದೂ ನಮ್ಮ ಮನೆಯ ತಾರಸಿಯ ಮೇಲೆ.

ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಎಸ್‌ಟಿಡಿ ಬೂತಿನವರು ಬೇಲಿಯಾಚೆಯಿಂದ ಕೂಗುತ್ತಿದ್ದರು. "ನಿಮ್ಮ ಮಾವಾರು ಫೋನ್ ಮಾಡ್ಯಾರೆ ರೀ. ಬಿಸ್ಲು ಐತಾ ಅಂತ ಕೇಳ್ತಾರೆ."

ಇದೆ ಎಂದರೆ ಮುಗಿಯಿತು. ಗಾದಿ ಸುರುಳಿ ಸುತ್ತಿಸಿಕೊಂಡು, ಪ್ಲಾಸ್ಟಿಕ್ ಹೊದ್ದು, ಬಸ್ಸಿನ ಮೇಲೇರುತ್ತಿತ್ತು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಮಾವ ಮೇಲೆ ಹತ್ತಿ ಪ್ಲಾಸ್ಟಿಕ್ ಬಿಚ್ಚುತ್ತಿದ್ದರು. ಅಲ್ಲಿಂದ ಮುಂದಿನ ಬಿಸಿಲು ಸುಮ್ಮನೆ ಯಾಕೆ ಹಾಳಾಗಬೇಕು?

"ಯಜಮಾನ್ರೆ, ಎಲ್ರೂ ಒಳಗೆ ಕೂತು ಹಾಸಿಗೆ ಮೇಲಿಡ್ತಾರೆ. ನೀವೂ ಅದರ ಮೇಲೇ ಮಲ್ಕೊಂಡ್ಬಿಡ್ರಲ್ಲ" ಎಂದು ಕಂಡಕ್ಟರು ಒಮ್ಮೆ ಚುಚ್ಚಿದರು.

"ಅದು ನಂದಲ್ಲ ಮಾರಾಯ. ನಂದು ಚಾಪೆ" ಎಂದರು ಮಾವ.

ತಾರಸಿಯ ಮೇಲೆ ವಿಧಿವಿಧಾನಗಳು ಶುರು. ಮಧ್ಯಾಹ್ನದವರೆಗೆ ಗಾದಿಯ ಹೊಟ್ಟೆಗೆ ಬಿಸಿಲು, ಆಮೇಲೆ ಬೆನ್ನಿಗೆ. ನಡುವೆ ಬೆತ್ತದಿಂದ ಧಬಧಬ ಏಟು. ಎದುರು ಮನೆಯಾಕೆ ಗಾಬರಿಯಿಂದ ನನ್ನ ಹೆಂಡತಿಯನ್ನು, "ಮಾವಾರು ಯಾರಿಗ್ರೀ ಹಂಗೆ ಹೊಡೀತಾ ಇರೋದು?" ಎಂದು ಕೇಳಿದ್ದೂ ಉಂಟು. ಕೊನೆಗೆ ನಾಲ್ಕೂ ಮೂಲೆಗಳನ್ನು ಮೂಸಿ ನೋಡುವ ಕಾರ್ಯಕ್ರಮ. ಆ ಹೊತ್ತಿನಲ್ಲಿ ಅವರನ್ನು ಮಾತನಾಡಿಸುವಂತಿರಲಿಲ್ಲ.

ಒಂದು ವಾರ ನಮ್ಮ ಸೂರ್ಯನೂ ಕೈಕೊಟ್ಟ. ಹೊರಟಾಗ ಇದ್ದ ಬಿಸಿಲು ಬಸ್ಸು ಬರುವಷ್ಟರಲ್ಲಿ ಮೋಡದೊಳಗೆ ಹೋಗಿತ್ತು. ಮಾವ ಧೃತಿಗೆಡಲಿಲ್ಲ, ಗಾದಿಯನ್ನು ಇಸ್ತ್ರಿ ಅಂಗಡಿಗೆ ಹೊರಿಸಿದರು.

ಇಸ್ತ್ರಿಯವನು ಕೆಂಡದ ಪೆಟ್ಟಿಗೆ ಕೈಯಲ್ಲಿ ಹಿಡಿದು ಕಂಗಾಲಾದ. "ಯಜಮಾನ್ರೆ, ಅಂಗಿ ತರ್ರಿ, ಪ್ಯಾಂಟ್ ತರ್ರಿ. ಇದಕ್ಕೆ ಗೆರೆ ಎಲ್ಲಿ ಹೊಡೀಲಿ?"

"ಗೆರೆ ಬ್ಯಾಡ. ಶಾಖ ಕೊಡು, ಸಾಕು."

ಕೊಟ್ಟ. ಗಾದಿಯ ಒಂದು ಮೂಲೆಯಲ್ಲಿ ಕಂದು ಬಣ್ಣದ ರಾಜಮುದ್ರೆ ಬಿತ್ತು, ತೇವ ಮಾತ್ರ ಹಾಗೇ ಉಳಿಯಿತು. ಹಸಿ ಗಾದಿಯನ್ನು ಅತ್ತೆಯ ಕೆಳಗೆ ಹಾಸುವುದುಂಟೆ? ಅದನ್ನು ನಮ್ಮಲ್ಲೇ ಬಿಟ್ಟು ಮಾವ ಬರಿಗೈಯಲ್ಲಿ ಸೊರಬಕ್ಕೆ ಮರಳಿದರು. ಸೋತು ಹೋದವರ ನಡಿಗೆ.

ಮರುದಿನ ಬಿಸಿಲು ಕಣ್ಣು ಕುಕ್ಕುವಂತಿತ್ತು. ನಾನೇ ಗಾದಿ ಹರಡಿ ಇಳಿದು ಬಂದರೆ ಬಾಗಿಲಲ್ಲಿ ಅತ್ತೆ. ಹಿಂದೆ ಅವರ ಚೀಲ ಹಿಡಿದ ಮಾವ, ನೆಲ ನೋಡುತ್ತ.

"ವಾರ ವಾರ ಗಾದಿನ ಕರ್ಕೊಂಡು ಬರ್ತಾರಲ್ಲ ನಿನ್ನ ಮಾವ," ಎಂದರು ಅತ್ತೆ, ಮಾತಿಗೊಮ್ಮೆ ಉಸಿರೆಳೆದುಕೊಳ್ಳುತ್ತ. "ಬಿಸ್ಲು ಬೇಕಾಗಿದ್ದು ಅದಕ್ಕಾ, ನನಗಾ ಅಂತ ನಿನ್ನೆ ಕೇಳ್ದೆ. ಬೆಳಗಾಗೋದ್ರೊಳಗೆ ನನ್ನ ಚೀಲ ತುಂಬಿಟ್ಟಿದ್ರು."

ಅತ್ತೆ ಮೆಟ್ಟಿಲಿಗೊಮ್ಮೆ ನಿಂತು ತಾರಸಿ ಹತ್ತಿದರು. ಅವರ ಎದೆಯ ಗೊರಗೊರ ಸದ್ದು ಅಡುಗೆಮನೆಗೂ ಕೇಳುತ್ತಿತ್ತು. ಬೆಚ್ಚಗಾದ ಗಾದಿಯ ಮೇಲೆ ಕೂತರು, ಆಮೇಲೆ ಸೆರಗು ಮುಖಕ್ಕೆಳೆದುಕೊಂಡು ಮಲಗಿಯೇಬಿಟ್ಟರು.

ಸುಮಾರು ಹೊತ್ತಿನ ಮೇಲೆ ಚಹಾ ಹಿಡಿದು ಹೋದೆ. ಮಾವ ಬರಿಯ ನೆಲದ ಮೇಲೆ, ಅತ್ತೆಯ ತಲೆಯ ಬಳಿ ಕುಕ್ಕರುಗಾಲಲ್ಲಿ ಕೂತಿದ್ದರು. ನನ್ನನ್ನು ಕೈಯೆತ್ತಿ ತಡೆದರು.

"ಕೇಳು" ಎಂದರು ಪಿಸುದನಿಯಲ್ಲಿ.

ಕಿವಿಗೊಟ್ಟೆ. "ಏನೂ ಕೇಳಿಸ್ತಿಲ್ವಲ್ಲ ಮಾವ."

"ಅದನ್ನೇ ಕೇಳು ಮಾರಾಯ."