ಕ್ಯಾರಿಯರ್ ಮೇಲಿನ ಸಂಸಾರ

ಏಕಾಂತಪ್ಪನ ಏಕಾಂತವೆಲ್ಲ ಹೆಸರಿನಲ್ಲೇ ಖರ್ಚಾಗಿತ್ತು. ಕೊಟ್ಟೂರಿನ ಅವನ ಮನೆಯಲ್ಲಿ ಎರಡು ಕೋಣೆ, ಒಂಬತ್ತು ಜನ, ಹದಿನೆಂಟು ಕಿವಿ. ಮದುವೆಯಾಗಿ ಎಂಟು ತಿಂಗಳಾದರೂ ಹೆಂಡತಿ ಗಂಗಾಂಬಿಕಾ ಜೊತೆ ಮನಸ್ಸು ಬಿಚ್ಚಿ ಮಾತಾಡಲು ಸಿಗುತ್ತಿದ್ದದ್ದು ಸೈಕಲ್ ಒಂದೇ. ಅವಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊಲಿಗೆ ಕೇಂದ್ರಕ್ಕೆ ಬಿಟ್ಟು, ತಾನು ಕೆಲಸ ಮಾಡುವ ಟೈಪಿಂಗ್ ಶಾಲೆಗೆ ಹೋಗುತ್ತಿದ್ದ. ಹತ್ತೇ ನಿಮಿಷದ ದಾರಿ. ಅವಳ ಪಿಸುಮಾತು ಬೆನ್ನಿಗೆ ತಾಗಿದರೆ ಸಾಕು, ಚಕ್ರಗಳು ನೆಲ ಬಿಟ್ಟು ಜೋಳದ ತೆನೆಗಳ ಮೇಲೆ ತೇಲಿದಂತೆ ಅನ್ನಿಸುತ್ತಿತ್ತು.

ಆ ಸೋಮವಾರ ತೇಲುತ್ತಿದ್ದವನನ್ನು ಸರ್ಕಲ್ಲಿನಲ್ಲಿ ಒಂದು ಸೀಟಿ ಕೆಳಗಿಳಿಸಿತು.

"ಇಳೀರಿ ಅಕ್ಕಾರ. ಇವತ್ತಿಂದ ಡಬಲ್ ಬಂದ್. ಹೊಸ ಸಾಹೇಬ್ರ ಆರ್ಡರ್," ಎಂದ ಪೇದೆ ಹುಲುಗೇಶ.

"ಅದು ಮೋಟರ್‌ಸೈಕಲ್ಲಿಗಲ್ಲೇನ್ರಿ?" ಎಂದ ಏಕಾಂತಪ್ಪ.

"ಅದಕ್ಕ ತ್ರಿಬಲ್ ಬಂದ್. ಸೈಕಲ್ಲಿಗೆ ಡಬಲ್ ಬಂದ್."

"ಎತ್ತಿನ ಬಂಡಿಗೆ?"

"ಎತ್ತಿಗೆ ಬೋರ್ಡ್ ಓದಾಕ ಬರಂಗಿಲ್ರಿ."

ಗಂಗಾಂಬಿಕಾ ಸೆರಗು ಸರಿಮಾಡಿಕೊಂಡು ನಡೆದೇ ಹೋದಳು. ಕ್ಯಾರಿಯರ್ ಖಾಲಿಯಾದರೂ ಸೈಕಲ್ ಇಮ್ಮಡಿ ಭಾರವಾಯಿತು.

ಸಂಗತಿ ಕೇಳಿ ಟೈಪಿಂಗ್ ಶಾಲೆಯ ಗುರುಸಂಗಪ್ಪ ಕನ್ನಡಕ ಏರಿಸಿದ. "ಅರ್ಜಿ ಬಡಿಯಲೇ! ಕಾನೂನು ಕಾರಿನವರು ಮಾಡ್ಯಾರ, ಸೈಕಲ್ಲಿನವರನ್ನ ಕೇಳ್ಯಾರೇನು?"

ಏಕಾಂತಪ್ಪ ಒಂದೇ ಒಂದು ಸಾಲು ಟೈಪ್ ಮಾಡಿದ. ಅಷ್ಟರಲ್ಲಿ ಹಾಲಿನ ಗಾದೆಪ್ಪ ಹೆಗಲ ಮೇಲಿಂದ ಇಣುಕಿದ. "ಏರು ಹತ್ತೋ ಸೈಕಲ್ಲಿಗೆ ಲಾರಿ ದಾರಿ ಬಿಡಬೇಕು ಅಂತನೂ ಬರಿ." ಸೈಕಲ್ಲನ್ನು ಮುಟ್ಟಿಯೂ ನೋಡದ ತರಕಾರಿ ಮೈಲಮ್ಮ, "ಎತ್ತಿಗೆ ಕೊಂಬು ಎರಡದಾವ, ಹಾರ್ನ್ ಒಂದೂ ಇಲ್ಲ. ಅದನ್ನೂ ಬರಿಯಪ್ಪಾ," ಎಂದಳು. ಮಧ್ಯಾಹ್ನಕ್ಕೆ ಬೇಡಿಕೆ ಹದಿನಾಲ್ಕಾದವು, ಬಾಗಿಲಿಗೆ ಅರವತ್ತು ಸೈಕಲ್ ಬಂದವು. ಬೆಲ್ಲುಗಳ ಜಾತ್ರೆಯ ನಡುವೆ ಏಕಾಂತಪ್ಪ, ಬೇರೆಯವರ ಮದುವೆಯ ಕುದುರೆ ಹತ್ತಿಬಿಟ್ಟ ಮದುಮಗನಂತೆ, ಪೊಲೀಸ್ ಠಾಣೆಗೆ ತಲುಪಿದ.

"ಯಾರು ಲೀಡರ್?" ಗುಡುಗಿದರು ಸಬ್ ಇನ್‌ಸ್ಪೆಕ್ಟರ್ ಸಾಹೇಬರು.

ಅರವತ್ತು ಬೆಲ್ಲು ಮೂಕವಾದವು, ಅರವತ್ತು ಬೆರಳು ಮಾತಾಡಿದವು.

"ಒಳಗೆ ಹಾಕ್ಲೇನು?"

ಏಕಾಂತಪ್ಪ ಅರ್ಜಿಯನ್ನು ಮೇಜಿನ ಮೇಲೆ ಹರವಿದ. "ಸಾಹೇಬ್ರ, ಹದಿಮೂರು ಇವರವು. ನಂದು ಒಂದ. ಮನ್ಯಾಗ ಒಂಬತ್ತು ಮಂದಿ ಅದೀವ್ರಿ. ಹೇಣ್ತಿ ಕೂಡ ಮಾತಾಡಾಕ ಆ ಕ್ಯಾರಿಯರ್ ಬಿಟ್ರ ನನಗ ಬ್ಯಾರೆ ಜಾಗ ಇಲ್ರಿ."

ಸಾಹೇಬರ ಲಾಠಿ ಮೆಲ್ಲಗೆ ಮೇಜಿನ ಮೇಲೆ ಮಲಗಿತು. ಕಿಟಕಿಯಾಚೆ ತಮ್ಮ ಕ್ವಾರ್ಟರ್ಸ್ ಕಡೆ ನೋಡಿದರು.

"ನಮ್ಮನೇಲಿ ಹನ್ನೊಂದು ಜನ ಕಣ್ರೀ," ಎಂದರು.

ಹದಿಮೂರು ಬೇಡಿಕೆಗಳಿಗೆ ಗೀಟು ಬಿತ್ತು. ಉಳಿದದ್ದರ ಕೆಳಗೆ ಸಹಿ: 'ಗಂಡ ಹೆಂಡತಿ ಡಬಲ್ ಹೋಗಬಹುದು.'

"ನಿಂದಷ್ಟ ಮಾಡ್ಕೊಂಡಿ ನೋಡಲೇ!" ಎಂದು ಗಾದೆಪ್ಪ ಹಲ್ಲು ಕಡಿದ. "ನಾಳಿಂದ ನಿಮ್ಮನಿ ಹಾಲಿನಾಗ ಹಾಲು ಹುಡುಕ್ಕೋ!"

ಸಂಜೆ ಏಕಾಂತಪ್ಪ ಟವೆಲ್ ಮಡಚಿ ಕ್ಯಾರಿಯರಿಗೆ ಮೆತ್ತೆ ಮಾಡಿ, ಹೊಲಿಗೆ ಕೇಂದ್ರಕ್ಕೆ ಹಾರಿದ. ಗಂಗಾಂಬಿಕಾ ಹೊರಬಂದಳು, ಸೈಕಲ್ ಮೇಲೆ!

"ತವರುಮನಿ ಮಾಗಳದಾಗ ಹೊಳಿ ದಂಡಿತನಕ ಸೈಕಲ್ ನಾನ ಹೊಡೀತಿದ್ದೆ. ನಿಮ್ಮ ಕ್ಯಾರಿಯರ್ ಸಿಕ್ಕಮ್ಯಾಗ ಬಿಟ್ಟಿದ್ದೆ. ಇನ್ನ ಡಬಲ್ ಇಲ್ಲಲ್ಲ, ತಿಂಗಳ ಬಾಡಿಗಿಗೆ ಹಿಡಿದೀನ್ರಿ."

ಜೇಬಿನ ಅರ್ಜಿ ಬಾಡಿತು. ಆದರೆ ಪಕ್ಕಪಕ್ಕದಲ್ಲಿ ಪೆಡಲು ತುಳಿಯತೊಡಗಿದಾಗ ಏಕಾಂತಪ್ಪನ ಎದೆ ಅರಳಿತು. ಎಂಟು ತಿಂಗಳು ಬೆನ್ನಿಗೆ ಕೇಳಿಸಿದ ಮಾತಿಗೆ ಈಗ ಮುಖ ಬಂದಿತ್ತು! ಸಂಜೆಬಿಸಿಲಲ್ಲಿ ಅವಳ ಮೂಗುಬೊಟ್ಟು ಮಿಂಚುತ್ತಿತ್ತು. ನಾಲ್ಕು ಚಕ್ರಗಳೂ ನೆಲ ಬಿಟ್ಟವು.

ಸರ್ಕಲ್ಲಿನಲ್ಲಿ ಮತ್ತೆ ಸೀಟಿ ಕೂಗಿತು.

"ಡಬಲ್ ಅಲ್ಲ ನೋಡ್ರಿ! ಸಿಂಗಲ್, ಸಿಂಗಲ್!" ಎಂದ ಏಕಾಂತಪ್ಪ.

"ಖರೇ ರೀ. ಆದ್ರ ಜೋಡಿ ಹೋಗಂಗಿಲ್ಲ. ಒಬ್ಬರ ಹಿಂದ ಒಬ್ಬರು," ಎಂದ ಹುಲುಗೇಶ.

"ಇದು ಯಾವಾಗ ಬಂತೋ ಮಾರಾಯ?"

"ಹಳೇದು ರೀ. ನಮ್ಮೂರಾಗ ಇಲ್ಲಿತನಕ ಯಾವ ಗಂಡ ಹೇಣ್ತಿನೂ ಜೋಡಿ ಬಂದಿದ್ದಿಲ್ಲ."

ಗಂಗಾಂಬಿಕಾ ಮುಂದಾದಳು. ಗಾಳಿಗೆ ಮುಖವೊಡ್ಡಿ, ಉತ್ಸಾಹದಿಂದ ಏನೋ ಹೇಳುತ್ತ ಹೋದಳು. ಹಿಂದೆ ಏಕಾಂತಪ್ಪ ಪೆಡಲ್ ಮೇಲೆ ಎದ್ದು ನಿಂತು ಕೂಗಿದ: "ಏನಂದೀ?"

ಅವಳು ಇನ್ನೂ ಜೋರಾಗಿ ಹೇಳಿದಳು. ಬಜಾರಿನ ಅಂಗಡಿ ಕಟ್ಟೆಗಳ ಮೇಲಿದ್ದವರೆಲ್ಲ ಕೇಳಿಸಿಕೊಂಡು ನಕ್ಕರು. ಅವನೊಬ್ಬನಿಗೇ ಕೇಳಲಿಲ್ಲ.