ಲಾಕಿನ ಚಾಕುವಿಗೆ ಒಂದು ಮುಷ್ಟಿ ಅಕ್ಷತೆ

ಹರಿತವಾದ ಯಾವ ವಸ್ತುವಿನ ಬಗ್ಗೆಯೂ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ಆ ದಸರೆಯವರೆಗೂ ನಂಬಿದ್ದೆ. ನಾನು ಕಲಿತದ್ದು ಮೂರನೆಯ ಇಯತ್ತೆ. ಆದರೆ ಈಳಿಗೆ ಮಣೆಯ ಮೇಲೆ ಕೂತದ್ದು ಐವತ್ತು ವರ್ಷ. ವಿಜಾಪುರದಲ್ಲಿ ಹೆಚ್ಚಿದ ಬದನೆಕಾಯಿ, ಪುಣೆಗೆ ಬಂದ ಮೇಲೆ ಕೋಥರೂಡದ ಮೂರನೆಯ ಮಹಡಿಯಲ್ಲಿ ಹೆಚ್ಚಿದ ಬದನೆಕಾಯಿ, ಎರಡೂ ಸೇರಿದರೆ ಒಂದು ಗೂಡ್ಸ್ ಗಾಡಿ ತುಂಬುತ್ತದೆ. ಒಮ್ಮೆಯೂ ಬೆರಳು ಕೊಯ್ದುಕೊಂಡಿಲ್ಲ. ಕೊಯ್ದುಕೊಂಡಾಗ ಯಾರಿಗೂ ಹೇಳಿಲ್ಲ.

ಆ ವರ್ಷ ಮೊಮ್ಮಗಳು ಅನುವಿನ ಮದುವೆಯಾಗಿತ್ತು. ಅವಳ ಗಂಡ ಶ್ರೀನಿವಾಸ ವಾರವೆಲ್ಲ ಆಫೀಸಿನಲ್ಲಿ ಕೂತು, ರವಿವಾರ ಬಂತೆಂದರೆ ಬೆನ್ನಿಗೆ ಚೀಲ ಏರಿಸಿಕೊಂಡು ಯಾವುದಾದರೂ ಕೋಟೆ ಹತ್ತುವ ಹುಡುಗ. ಹತ್ತಿ ಏನು ಮಾಡುತ್ತಾನೆ? ಇಳಿಯುತ್ತಾನೆ. ಇರಲಿ.

ಮೊದಲ ದೀಪಾವಳಿಗೆ ಅಳಿಯನಿಗೆ ಉಡುಗೊರೆ ಕೊಡಬೇಕು. ಬೆಳ್ಳಿ ಬಟ್ಟಲು ಕೊಡೋಣ ಎಂದಳು ನನ್ನ ಸೊಸೆ ವಿದ್ಯಾ. ಅಳಿಯ ಅವಳವನು, ಮಾತೂ ಅವಳದೇ ನಡೆಯಬೇಕಿತ್ತು. ಆದರೆ ನಮ್ಮ ಮನೆಯಲ್ಲಿ ಕೊನೆಯ ಮಾತು ನನ್ನದು ಎಂಬ ಪದ್ಧತಿಯಿತ್ತು. ನಾನು ಹುಡುಗನನ್ನೇ ಕೇಳಿದೆ. ಅವನು ನಾಚಿಕೊಂಡು ಹೇಳಿದ:

“ಅಜ್ಜಿ, ಒಂದು ಚಾಕು ಇದ್ರ ಛಲೋ ಆಗ್ತದ್ರಿ. ಭಾಳ ಸಾಮಾನು ಒಂದರಾಗೇ ಮಡಚಿ ಇಟ್ಟಿರ್ತಾರಲ್ಲ, ಅಂಥಾದ್ದು. ಆದ್ರ ಲಾಕ್ ಇರಬೇಕ್ರಿ.”

ಲಾಕ್ ಯಾತಕ್ಕೆಂದು ಕೇಳಿದ್ದಕ್ಕೆ ತೋರುಬೆರಳಿನ ಗಾಯದ ಗುರುತು ತೋರಿಸಿದ. ಕೋಟೆಯ ಮೇಲೆ ಹಗ್ಗ ಕೊಯ್ಯುವಾಗ ಲಾಕ್ ಇಲ್ಲದ ಚಾಕು ತಾನಾಗಿಯೇ ಮಡಚಿಕೊಂಡು ಕಚ್ಚಿತ್ತಂತೆ. ಮೊಮ್ಮಗಳ ಗಂಡನ ಹತ್ತೂ ಬೆರಳು ಇನ್ನು ಮೇಲೆ ನನ್ನ ಜವಾಬ್ದಾರಿ ಎಂದು ಆ ಕ್ಷಣವೇ ತೀರ್ಮಾನಿಸಿದೆ.

ವಿದ್ಯಾ ಹೌಹಾರಿದಳು. ನಮ್ಮಲ್ಲಿ ಚಾಕುವನ್ನು ಕೈಯಿಂದ ಕೈಗೆ ಸಹ ಕೊಡುವುದಿಲ್ಲ. ಜಗಳ ಬರುತ್ತದೆಂದು ನೆಲಕ್ಕಿಡುತ್ತೇವೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಅಂಥದ್ದನ್ನು ಹಬ್ಬದ ದಿನ ಬೀಗರ ಮುಂದೆ ಉಡುಗೊರೆ ಕೊಡುವುದೆ? ನನ್ನ ಹತ್ತಿರ ಉಪಾಯವಿತ್ತು. ದಸರೆಯ ಹಿಂದಿನ ದಿನ ಖಂಡೇನವಮಿ. ಮನೆಯ ಆಯುಧಗಳಿಗೆಲ್ಲ ಪೂಜೆ. ಆ ಸಾಲಿನಲ್ಲಿ ಚಾಕುವನ್ನೂ ಇಟ್ಟರೆ ದೋಷ ಕಳೆದು ಅದು ಪ್ರಸಾದವಾಗುತ್ತದೆ. ಪ್ರಸಾದದಲ್ಲಿ ಯಾರು ಕೊಂಕು ತೆಗೆಯುತ್ತಾರೆ?

“ಆಗಲಿ ಅತ್ತಿ,” ಎಂದಳು ವಿದ್ಯಾ. “ಆದ್ರ ಇದರಾಗ ಏನರ ಎಡವಟ್ಟಾದ್ರ, ಮುಂದಿನ ಹಬ್ಬದ ಕಾರಭಾರ ಎಲ್ಲಾ ನಂದು.”

“ಆಗಲಿ,” ಎಂದೆ. ಅಷ್ಟು ಧೈರ್ಯ ನನಗೆ.

ನಮ್ಮ ಯಜಮಾನರನ್ನು ಕರೆದುಕೊಂಡು ಸಿಟಿ ಬಸ್ಸಿನಲ್ಲಿ ಪೇಟೆಗೆ ಹೋದೆ. ಅಂಗಡಿ ಮುಟ್ಟಿದಾಗ ಮಧ್ಯಾಹ್ನದ ಒಂದು ಗಂಟೆ. ಅಂಗಡಿಯವನು ನಮ್ಮ ಮುಖದ ಮುಂದೆಯೇ ಶಟರ್ ಎಳೆದ. ಪುಣೆಯ ವ್ಯಾಪಾರಿ ಒಂದರಿಂದ ನಾಲ್ಕರವರೆಗೆ ಮಲಗುತ್ತಾನೆ, ಗಿರಾಕಿ ಸತ್ತರೂ ಏಳುವುದಿಲ್ಲ. ನಾನು ಮೆಟ್ಟಿಲ ಮೇಲೆ ಕೂತೆ. ನಮ್ಮವರು ಒಂದೇ ಪೇಪರನ್ನು ಎರಡು ಸಲ ಓದಿದರು. ನಾಲ್ಕಕ್ಕೆ ಶಟರ್ ಎತ್ತಿದವನು, “ಆಜಿ, ಅಜೂನ್ ಇಥೇಚ್?” ಎಂದ. ಇನ್ನೂ ಇಲ್ಲೇ ಇದ್ದೀಯಾ ಎಂದು. ಕೂತವಳ ಮೇಲೆ ಅವನಿಗೆ ಸ್ವಲ್ಪವೂ ಕನಿಕರ ಇರಲಿಲ್ಲ. ನನಗೂ ಅವನ ಮೇಲೆ ಇರಲಿಲ್ಲ. ಎಲ್ಲ ಚಾಕುಗಳನ್ನೂ ಕೆಳಗಿಳಿಸಿದೆ.

ಅಲಗು ಅರ್ಧ ಸಪಾಟು, ಅರ್ಧ ಗರಗಸದ ಹಲ್ಲು ಇದ್ದದ್ದನ್ನು ಮೊದಲು ತೆಗೆದುಹಾಕಿದೆ. ಅಡಿಗೆಮನೆಯ ಕಲ್ಲಿನ ಮೇಲೆ ಮಸೆಯಲು ಬಾರದ ಅಲಗು ಅಲಗೇ ಅಲ್ಲ. ಸೂಜಿಯಂಥ ಮೊನೆ ಇದ್ದದ್ದೂ ಬೇಡ. ಹಣ್ಣು ಸುಲಿಯುವಂತೆ ಹೊಟ್ಟೆ ಸ್ವಲ್ಪ ಬಾಗಿರಬೇಕು. ಒಂದೇ ಕೈಯಲ್ಲಿ ತೆಗೆಯಲು ಅಲಗಿನಲ್ಲಿ ಹೆಬ್ಬೆರಳಿಗೊಂದು ತೂತು ಇರಬೇಕು. ಕೊನೆಗೆ ಉಳಿದದ್ದು ಎರಡು. ಒಂದಕ್ಕೆ ಹಿಡಿಕೆಯ ಒಳಗೆ ತೆಳ್ಳಗಿನ ತಗಡು, ಅದನ್ನು ಬದಿಗೆ ಸರಿಸಿದರೆ ಲಾಕ್ ಬಿಡುತ್ತದೆ. ಇನ್ನೊಂದಕ್ಕೆ ಬೆನ್ನ ಮೇಲೆ ದಪ್ಪ ಪಟ್ಟಿ, ಅದನ್ನು ಒತ್ತಿದರೆ ಬಿಡುತ್ತದೆ. ತಗಡಿನದ್ದು ಒಳ್ಳೆಯದು, ಒಳಗೆಲ್ಲ ಕಾಣುತ್ತದೆ, ಒರೆಸಲು ಸಲೀಸು, ಬೆನ್ನಿನ ಲಾಕಿನೊಳಗೆ ಕಸ ಕೂರುತ್ತದೆ ಎಂದ ಅಂಗಡಿಯವನು. ನಮ್ಮ ಮನೆಯಲ್ಲಿ ಕಸ ಇರುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿ ಬೆನ್ನಿನ ಲಾಕಿನದನ್ನೇ ಕಟ್ಟಿಸಿದೆ. ತಗಡನ್ನು ನಂಬಿ ಅಳಿಯನ ಬೆರಳು ಕೊಡಲಾದೀತೆ?

ಖಂಡೇನವಮಿ ಬಂತು. ಈಳಿಗೆ, ಕತ್ತರಿ, ಅಡಕೊತ್ತು, ಹೊಲಿಗೆ ಮಷಿನ್, ನಡುವೆ ಚಾಕು. ದೇವರ ಮುಂದೆ ಆಯುಧ ಮುಚ್ಚಿಕೊಂಡು ಕೂರಬಾರದು. ಆದ್ದರಿಂದ ಒಳಗಿದ್ದದ್ದನ್ನೆಲ್ಲ ಬಿಡಿಸಿದೆ. ಅಲಗು, ಗರಗಸ, ಡಬ್ಬಿ ತೆಗೆಯುವ ಕೊಕ್ಕೆ, ಹಂದಿಯ ಬಾಲದಂಥ ಒಂದು ಸುರುಳಿ. ಸುರುಳಿ ಯಾವ ಬಾಟಲಿಯ ಬೂಚು ಕೀಳಲು ಎಂಬುದು ನಮ್ಮವರಿಗೆ ಗೊತ್ತಿತ್ತು. ಹೇಗೆ ಗೊತ್ತಿತ್ತೆಂದು ನಾನು ಕೇಳಲಿಲ್ಲ. ಹಿಡಿಕೆಯ ತುದಿಯಿಂದ ಒಂದು ಬಿಳಿ ಕಡ್ಡಿಯೂ ಬಂತು. ಅದು ದೀಪದ ಬತ್ತಿ ಮುಂದೆ ಸರಿಸಲು ಚೆನ್ನಾಗಿತ್ತು, ತೆಗೆದಿಟ್ಟುಕೊಂಡೆ. ಚಾಕುವಿನ ಜೊತೆ ಬಂದ ಮಾಹಿತಿಯ ಕಾಗದವನ್ನು ಎಣ್ಣೆ ಸೋರದಿರಲೆಂದು ದೀಪದ ಕೆಳಗೆ ಹಾಸಿದೆ. ಆಮೇಲೆ ಗಂಧ, ನೀರಲ್ಲಿ ಕಲಸಿದ ಅರಿಷಿಣ, ಕುಂಕುಮ. ಈಳಿಗೆಗೆ ನಾಲ್ಕು ಕಾಳು ಅಕ್ಷತೆ, ಹೊಸ ಚಾಕುವಿಗೆ ಒಂದು ಮುಷ್ಟಿ. ದೊಡ್ಡ ದೋಷ ಕಳೆಯಬೇಕಿತ್ತಲ್ಲ!

ದಸರೆಯ ಬೆಳಿಗ್ಗೆ ಆಯುಧಗಳನ್ನು ಎತ್ತಿದೆ. ಚಾಕುವಿನ ಎಲ್ಲ ಅಂಗಗಳೂ ಮಡಚಿದವು. ದೊಡ್ಡ ಅಲಗು ಮಾತ್ರ ಮಡಚಲಿಲ್ಲ. ಬೆನ್ನಿನ ಪಟ್ಟಿಯನ್ನು ಒಂದು ಹೆಬ್ಬೆರಳಿನಿಂದ ಒತ್ತಿದೆ. ಎರಡರಿಂದ ಒತ್ತಿದೆ. ನೆಲಕ್ಕಿಟ್ಟು ಹಿಮ್ಮಡಿಯಿಂದ ಒತ್ತಿದೆ. ಅಲ್ಲಾಡಲಿಲ್ಲ. ಕಾಗದದಲ್ಲಿ ಏನು ಬರೆದಿದ್ದಾರೆ ನೋಡೋಣ ಎಂದರು ನಮ್ಮವರು. ಕಾಗದ ಎಣ್ಣೆ ಕುಡಿದು ಕರಿ ಹಪ್ಪಳವಾಗಿತ್ತು. ಅಂಗಡಿಗೇ ಒಯ್ಯೋಣ ಎಂದರು. ಕಸವಿಲ್ಲದ ಮನೆಯವಳು ಯಾವ ಮುಖ ಹೊತ್ತು ಹೋಗಲಿ?

ವಿದ್ಯಾಗೆ ಕಾಣದಂತೆ ಬಿಚ್ಚಿದ ಚಾಕುವನ್ನು ನನ್ನ ಟ್ರಂಕಿನಲ್ಲಿ, ಸೀರೆಗಳ ನಡುವೆ ಇಟ್ಟೆ. ದಿನಕ್ಕೊಮ್ಮೆ ಬಾಗಿಲು ಹಾಕಿಕೊಂಡು ಶೇಂಗಾ ಎಣ್ಣೆ ಬಿಟ್ಟು ತಿಕ್ಕುತ್ತಿದ್ದೆ. ಇಪ್ಪತ್ತು ದಿನದಲ್ಲಿ ಚಾಕುವಿಗೆ ಹೊಳಪು ಬಂತು, ಎರಡು ಇಳಕಲ್ ಸೀರೆಗಳಿಗೆ ಕಿಟಕಿ ಬಂದವು.

ದೀಪಾವಳಿಯ ಬೆಳಿಗ್ಗೆ, ಹಿಂದಿನ ರಾತ್ರಿಯೇ ಬಂದಿದ್ದ ಅನು, ಶ್ರೀನಿವಾಸರ ಎಣ್ಣೆಸ್ನಾನಕ್ಕೆ ನೀರು ಕಾದಿತ್ತು. ಉಪ್ಪಿನಕಾಯಿ ಭರಣಿಯ ಮುಚ್ಚಳ ಬಿಗಿದರೆ ಬಿಸಿನೀರಿಗೆ ಬಿಡುತ್ತದೆ, ಲಾಕ್ ಬಿಡುವುದಿಲ್ಲವೆ? ಪಾತೆಲಿಯಲ್ಲಿ ನೀರು ಕುದಿಸಿ, ಚಾಕು ಮುಳುಗಿಸಿ, ಮುಚ್ಚಳ ಮುಚ್ಚಿದೆ. ಅರ್ಧ ತಾಸಿನ ಮೇಲೆ ತೆಗೆದಾಗ ಅದು ಮೊದಲಿಗಿಂತ ಬಿಗಿಯಾಗಿತ್ತು. ಅಷ್ಟರಲ್ಲಿ ದೌಂಡದ ರೈಲು ಇಳಿದು ಬೀಗಿತ್ತಿಯೇ ಬಾಗಿಲಲ್ಲಿ ನಿಂತಿದ್ದರು. ಶ್ರೀನಿವಾಸನ ತಾಯಿ. ಕಡಿಮೆ ಮಾತಿನ ಹೆಂಗಸು. ಅಂಥವರಿಗೇ ನಾನು ಅಂಜುವುದು.

ತಟ್ಟೆಯಲ್ಲಿ ಖಣದ ಬಟ್ಟೆ ಹೊದಿಸಿ ನೆಲದ ಮೇಲೆ ಇಟ್ಟೆ. ಅಳಿಯ ಬಟ್ಟೆ ತೆಗೆದ. ಅಲಗು ಆಕಾಶ ನೋಡುತ್ತಿತ್ತು. ಬೀಗಿತ್ತಿಯ ಹುಬ್ಬೂ ಆ ಕಡೆಗೇ ಹೋಯಿತು. ಅವನು ಮಡಚಲು ಒತ್ತಿದ, ಮತ್ತೆ ಒತ್ತಿದ.

“ಅಜ್ಜಿ, ಲಾಕ್ ಭಾಳ ಗಟ್ಟಿ ಅದ್ರಿ.”

“ಗಟ್ಟಿ ಇರಲಿ ಅಂತನ ತಂದೇನಪಾ.”

ವಿದ್ಯಾ ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ಒಳ್ಳೆಯದಿತ್ತು. ಶ್ರೀನಿವಾಸ ಚಾಕುವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ಏನೋ ಸಿಕ್ಕಿದೆ, ಇದರಲ್ಲೇ ಒಂದು ಹಲ್ಲುಕಡ್ಡಿ ಇರುತ್ತದೆ, ಅದರಿಂದ ಬರುತ್ತದೆ ಎಂದ. ಕಡ್ಡಿಯ ಮನೆ ಖಾಲಿಯಿತ್ತು. ಎಲ್ಲರೂ ಹುಡುಕಿದರು. ನಾನೂ ಹುಡುಕಿದೆ. ಕೊನೆಗೆ ಅನು ದೇವರ ಮುಂದಿನ ನಂದಾದೀಪದಲ್ಲಿ ಅದನ್ನು ಕಂಡಳು. ಅರ್ಧ ಸುಟ್ಟಿತ್ತು.

ಅವಳೇ ಸೆರಗಿನ ಪಿನ್ನು ಬಿಚ್ಚಿ ಕೊಟ್ಟಳು. ಅವನು ಪಟ್ಟಿಯ ಕೆಳಗೆ ಮೆಲ್ಲಗೆ ಕೆದಕಿದ. ಹೊರಗೆ ಬಂದದ್ದು ಒಂದೇ ಒಂದು ಕಾಳು ಅಕ್ಷತೆ. ಹಳದಿ ಬಣ್ಣ, ಉಬ್ಬಿ ಮೆತ್ತಗಾಗಿ, ಚೆನ್ನಾಗಿ ಬೆಂದಿತ್ತು. ಚಾಕು ಟಪ್ಪೆಂದು ಮಡಚಿತು.

ಬೀಗಿತ್ತಿ ಬಗ್ಗಿ ಆ ಅಗುಳನ್ನು ನೋಡಿದರು.

“ಇದರಾಗ ಭಾಳ ಸಾಮಾನು ಅದಾವ ಅಂದಿದ್ದ ನಮ್ಮ ಶ್ರೀನಿವಾಸ. ಕುಕ್ಕರೂ ಅದ ಅಂತ ಹೇಳಿರಲಿಲ್ಲ.”

ನಮ್ಮವರು ನಗಲಾರಂಭಿಸಿ ನೀರು ಕುಡಿಯಬೇಕಾಯಿತು. ಶ್ರೀನಿವಾಸ ಮಾತ್ರ ಚಾಕುವನ್ನು ಹಣೆಗೆ ಒತ್ತಿಕೊಂಡು ಜೇಬಿಗಿಟ್ಟ. ಇವತ್ತಿಗೂ ಅದನ್ನೇ ಒಯ್ಯುತ್ತಾನೆ, ಬೆರಳು ಹತ್ತೂ ಇವೆ. ಇದನ್ನು ಯಾರೂ ಎತ್ತಿ ಆಡುವುದಿಲ್ಲ.

ಈಗ ಹಬ್ಬದ ಕಾರಭಾರ ವಿದ್ಯಾಳದು. ಖಂಡೇನವಮಿಗೆ ಅಕ್ಷತೆಯ ಬಟ್ಟಲು ಅವಳ ಕೈಯಲ್ಲೇ ಇರುತ್ತದೆ. ನನಗೆ ಎರಡು ಕಾಳು ಕೊಡುತ್ತಾಳೆ. ನಾನು ಅವನ್ನು ನನ್ನ ಈಳಿಗೆಯ ಮೇಲೆ ಹಾಕುತ್ತೇನೆ. ಅದಕ್ಕೆ ಲಾಕ್ ಇಲ್ಲ, ಮಡಚುವುದೂ ಇಲ್ಲ. ಆದರೂ ಪೂಜೆ ಮುಗಿದ ಮೇಲೆ ಅವಳು ಬಂದು, ಎರಡೂ ಕಾಳು ಅಲ್ಲೇ ಇವೆಯೇ ಎಂದು ನೋಡಿ ಹೋಗುತ್ತಾಳೆ.